ಇಂಚುಪಟ್ಟಿಗೆ ಸಿಕ್ಕಿಬಿದ್ದ ಕ್ಯಾಮೆರಾ, ಜೇಬಲ್ಲೇ ದಾಟಿಹೋದ ಫೋನು

ಈಗ ಯಾವ ಪೇಟೆಬೀದಿಗೆ ಹೋಗಿ ಕೇಳಿದರೂ ಮಗನೋ ಮಗಳೋ ಅಮೆರಿಕದಲ್ಲಿ ಓದುತ್ತಿರುವ ಅಂಗಡಿಯವರು ಒಬ್ಬರಾದರೂ ಸಿಗುತ್ತಾರೆ. ವೀಸಾ ಆಯ್ತು, ವಿಮಾನದ ಟಿಕೆಟ್ ಆಯ್ತು, ಉಪ್ಪಿನಕಾಯಿ ಡಬ್ಬಿ ಕಟ್ಟಿದ್ದೂ ಆಯ್ತು. "ಅಪ್ಪಾ, ಶನಿವಾರ ನಮ್ಮ ಕಾಲೇಜಿನ ಫುಟ್‌ಬಾಲ್ ಮ್ಯಾಚಿದೆ, ಕರ್ಕೊಂಡು ಹೋಗ್ತೀನಿ" ಅಂತ ಮಗ ಫೋನಲ್ಲಿ ಹೇಳಿದ್ದೇ ತಡ, ಅಪ್ಪ ಬೀರುವಿನಲ್ಲಿದ್ದ ದೊಡ್ಡ ಕ್ಯಾಮೆರಾವನ್ನೂ, ಅದರ ಉದ್ದನೆಯ ಲೆನ್ಸನ್ನೂ ಬ್ಯಾಗಿಗೆ ಸೇರಿಸುತ್ತಾರೆ.

ಇಲ್ಲೇ ಸ್ವಲ್ಪ ತಡೆಯಬೇಕು. ಆ ಕ್ಯಾಮೆರಾ ಮೈದಾನದ ಗೇಟು ದಾಟುವುದು ಅನುಮಾನ.

ಕಾಲೇಜು ಆಟ ಅಂದರೆ ಇಲ್ಲಿನ ಹಾಗಲ್ಲ

ನಮ್ಮಲ್ಲಿ ಕಾಲೇಜು ಕ್ರೀಡೆ ಎಂದರೆ ಒಂದು ಶಾಮಿಯಾನ, ಒಂದು ಮೈಕು, ನಾಲ್ಕು ಸುಣ್ಣದ ಗೆರೆ. ಯಾರು ಬೇಕಾದರೂ ಗೆರೆಯ ಪಕ್ಕ ನಿಂತು ಫೋಟೋ ಹೊಡೆಯಬಹುದು. ಅಲ್ಲಿ ಹಾಗಿಲ್ಲ. ಆನ್ ಆರ್ಬರ್ ಊರಿನ ಮಿಷಿಗನ್ ವಿಶ್ವವಿದ್ಯಾಲಯದ ಮೈದಾನದಲ್ಲಿ 1,07,601 ಜನ ಕೂರಬಹುದು. ಒಂದು ಸಣ್ಣ ಪಟ್ಟಣವೇ ಒಂದು ಆಟ ನೋಡಲು ಕೂತಂತೆ! ಆಟವೂ ನಮ್ಮ ಕಾಲ್ಚೆಂಡಲ್ಲ. ತಲೆಗೆ ಹೆಲ್ಮೆಟ್ ಹಾಕಿ, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುವ ಆಟ.

ಇದರ ಹಿಂದಿರುವ ದುಡ್ಡೂ ಅಷ್ಟೇ ದೊಡ್ಡದು. ಹಿಂದೆ ಯಾವ ಪಂದ್ಯ ಟಿವಿಯಲ್ಲಿ ಬರಬೇಕು ಎಂಬುದನ್ನು ಎನ್‌ಸಿಎಎ ಎಂಬ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯೇ ತೀರ್ಮಾನಿಸುತ್ತಿತ್ತು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 7-2ರ ಬಹುಮತದಿಂದ ಆ ಹಿಡಿತವನ್ನು ಕಿತ್ತುಹಾಕಿತು. ಆಮೇಲೆ ವಿಶ್ವವಿದ್ಯಾಲಯಗಳು ಕೂಟ ಕಟ್ಟಿಕೊಂಡು ಟಿವಿ ಕಂಪನಿಗಳ ಜೊತೆ ತಾವೇ ವ್ಯಾಪಾರಕ್ಕಿಳಿದವು. ಮಿಷಿಗನ್ ಇರುವ ಬಿಗ್ ಟೆನ್ ಎಂಬ ಕೂಟ 2022ರಲ್ಲಿ ಮಾಡಿಕೊಂಡ ಒಪ್ಪಂದ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮೇಲೆ. ಇಷ್ಟು ಬೆಲೆಗೆ ಚಿತ್ರ ಮಾರಿದವರು ಗ್ಯಾಲರಿಯಲ್ಲಿ ಕೂತವನ ಕೈಯಲ್ಲಿ ಏನಿದೆ ಎಂದು ನೋಡದೆ ಬಿಡುತ್ತಾರೆಯೇ?

ಗೇಟಿನ ಅಳತೆ

ಅಲ್ಲಿ ಎಲ್ಲ ಕಾಲೇಜಿಗೂ ಒಂದೇ ನಿಯಮವಿಲ್ಲ. ಒಂದು ಕಡೆ ಲೆನ್ಸು ನಾಲ್ಕು ಇಂಚು ಮೀರಬಾರದು, ಇನ್ನೊಂದು ಕಡೆ ಆರು ಇಂಚು. ಕೆಲವೆಡೆ ಬಿಚ್ಚಿ ಜೋಡಿಸುವ ಲೆನ್ಸೇ ಕೂಡದು. ಮೂರು ಕಾಲಿನ ಸ್ಟ್ಯಾಂಡು, ಒಂಟಿ ಕಾಲಿನ ಸ್ಟ್ಯಾಂಡು, ಸೆಲ್ಫಿ ಕೋಲು ಹೆಚ್ಚಿನ ಕಡೆ ಗೇಟಿನಿಂದ ಆಚೆಗೇ. ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತ ಜಾಗದಲ್ಲಿ ಒಬ್ಬ ಕೋಲು ಎತ್ತಿದರೆ ಹಿಂದಿನ ಹತ್ತು ಮಂದಿಗೆ ಆಟ ಕಾಣುವುದಿಲ್ಲ. ಈ ಮಾತು ನ್ಯಾಯವೇ.

ಜನ ಮೋಸಹೋಗುವುದು ಅಳತೆಯಲ್ಲಿ. ಲೆನ್ಸಿನ ಮೇಲೆ 70-200 ಎಂದು ಬರೆದಿರುವುದು ಅದರ ಮೈಯುದ್ದವಲ್ಲ. ಎಷ್ಟು ದೂರದ್ದನ್ನು ಹತ್ತಿರಕ್ಕೆ ಎಳೆಯುತ್ತದೆ ಎಂಬುದರ ಲೆಕ್ಕ, ಮಿಲಿಮೀಟರಿನಲ್ಲಿ. ಗೇಟಿನವರು ನೋಡುವುದು ಮೈಯುದ್ದ. ಕ್ಯಾನನ್ ಕಂಪನಿಯ ಹಳೆಯ 70-200 ದೊಡ್ಡ ಲೆನ್ಸು ಹತ್ತಿರ ಹತ್ತಿರ ಎಂಟು ಇಂಚು ಇತ್ತು. ಅದೇ ಕಂಪನಿಯ ಹೊಸ ಮಾದರಿಯ 70-200 ಮಡಚಿದಾಗ 146 ಮಿಲಿಮೀಟರ್, ಎಂದರೆ ಆರು ಇಂಚಿಗೂ ಕಡಿಮೆ. ಶಕ್ತಿ ಅದೇ, ಕೆಲಸ ಅದೇ. ಆರು ಇಂಚಿನ ಗೇಟಿನಲ್ಲಿ ಹಳೆಯದು ಆಚೆ, ಹೊಸದು ಒಳಗೆ! ಹೊಸದನ್ನು ತಿರುಗಿಸಿದಾಗ ಮುಂದಕ್ಕೆ ಬೆಳೆಯುತ್ತದಲ್ಲ ಅಂದರೆ, ಅದು ಗೇಟಿನವನ ಮರ್ಜಿಗೆ ಬಿಟ್ಟದ್ದು.

ಇನ್ನು ಕ್ಯಾಮೆರಾ ಬ್ಯಾಗಿನ ಆಸೆ ಬಿಡುವುದೇ ಮೇಲು. ಬಹಳ ಕಡೆ ಪಾರದರ್ಶಕ ಪ್ಲಾಸ್ಟಿಕ್ ಚೀಲವೊಂದೇ ಒಳಗೆ ಹೋಗುವುದು, ಅದೂ 12 ಇಂಚು ಉದ್ದ, 12 ಇಂಚು ಎತ್ತರ, 6 ಇಂಚು ಅಗಲದೊಳಗೆ. ದಕ್ಷಿಣದ ರಾಜ್ಯಗಳ ಕಾಲೇಜು ಕೂಟವಾದ ಎಸ್‌ಇಸಿ 2017ರಿಂದ ಇದನ್ನು ತನ್ನ ಫುಟ್‌ಬಾಲ್ ಮೈದಾನಗಳಿಗೆಲ್ಲ ತಂದಿತು. ಇದು ಫೋಟೋಗಾಗಿ ಮಾಡಿದ್ದಲ್ಲ, ಬಾಂಬಿನ ಭಯಕ್ಕೆ ಮಾಡಿದ್ದು. ಪೆಟ್ಟು ಬಿದ್ದದ್ದು ಮಾತ್ರ ಫೋಟೋದವನಿಗೂ.

ಡ್ರೋನ್ ಹಾರಿಸುವವರಿಗಂತೂ ಸರ್ಕಾರದ್ದೇ ಬೇಲಿ. 30,000 ಜನ ಹಿಡಿಸುವ ಮೈದಾನದಲ್ಲಿ ದೊಡ್ಡ ಕಾಲೇಜು ಫುಟ್‌ಬಾಲ್ ಪಂದ್ಯವಿದ್ದರೆ, ಶುರುವಾಗುವ ಒಂದು ಗಂಟೆ ಮೊದಲಿನಿಂದ ಮುಗಿದು ಒಂದು ಗಂಟೆಯವರೆಗೆ ಸುತ್ತ ಸುಮಾರು ಐದೂವರೆ ಕಿಲೋಮೀಟರಿನಲ್ಲಿ ಹಾರಿಸುವಂತಿಲ್ಲ.

ನಿಜವಾದ ಕಳ್ಳತನ ನಡೆದದ್ದು ಹೇಗೆ?

ಇಷ್ಟೆಲ್ಲ ಅಳೆದು ತೂಗಿದ ಮೇಲೂ ಕಾಲೇಜು ಫುಟ್‌ಬಾಲನ್ನೇ ಅಲ್ಲಾಡಿಸಿದ ಗ್ಯಾಲರಿ ಚಿತ್ರೀಕರಣ ಬಯಲಾದದ್ದು 2023ರ ಅಕ್ಟೋಬರಿನಲ್ಲಿ. ಬಳಸಿದ್ದು ಉದ್ದ ಲೆನ್ಸಲ್ಲ ಸ್ವಾಮಿ, ಜೇಬಿನ ಫೋನು!

ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆ ಆಟದಲ್ಲಿ ತರಬೇತುದಾರರು ಗೆರೆಯ ಪಕ್ಕ ನಿಂತು ಕೈಸನ್ನೆಯಲ್ಲೇ ಮುಂದಿನ ಚಾಲು ಹೇಳುತ್ತಾರೆ. ಎದುರಾಳಿಯ ಸನ್ನೆ ಮೊದಲೇ ತಿಳಿದರೆ ಅರ್ಧ ಆಟ ಗೆದ್ದಂತೆ. ಪಂದ್ಯದ ಹೊತ್ತಿಗೆ ಕಣ್ಣಲ್ಲಿ ನೋಡಿ ಊಹಿಸಿದರೆ ತಪ್ಪಿಲ್ಲ. ಆದರೆ ಮುಂದೆ ಎದುರಾಗುವ ತಂಡದ ಆಟಕ್ಕೆ ಮುಂಚೆಯೇ ಆಳು ಕಳಿಸಿ ನೋಡಿಸುವುದನ್ನು ಎನ್‌ಸಿಎಎ 1994ರಲ್ಲೇ ನಿಷೇಧಿಸಿತ್ತು. ಸನ್ನೆಗಳನ್ನು ಚಿತ್ರೀಕರಿಸುವುದೂ ತಪ್ಪು.

ಮಿಷಿಗನ್ ತಂಡದ ಕೆಳದರ್ಜೆಯ ನೌಕರನೊಬ್ಬ ಮಾಡಿದ್ದು ಇದನ್ನೇ. ಬೇರೆ ಕಾಲೇಜುಗಳ ಪಂದ್ಯಗಳಿಗೆ ಟಿಕೆಟ್ ಕೊಂಡು ಗೊತ್ತಿದ್ದವರಿಗೆ ಹಂಚಿದ. ಅವರು ಅಭಿಮಾನಿಗಳ ಹಾಗೆ ಕೂತು, ಚೆಂಡನ್ನು ಬಿಟ್ಟು ಎದುರಿನ ತರಬೇತುದಾರರ ಕೈಯನ್ನು ಫೋನಿನಲ್ಲಿ ತೆಗೆದರು. ಮೂರು ಋತುಗಳಲ್ಲಿ 50ಕ್ಕೂ ಹೆಚ್ಚು ಪಂದ್ಯಗಳಲ್ಲಿ ಹೀಗಾಯಿತೆಂದು ಎನ್‌ಸಿಎಎ ತೀರ್ಪಿತ್ತಿತು.

ಮುಖ್ಯ ತರಬೇತುದಾರ ಜಿಮ್ ಹಾರ್ಬಾ ಅವರನ್ನು 2023ರ ನವೆಂಬರಿನಲ್ಲಿ ಬಿಗ್ ಟೆನ್ ಮೂರು ಪಂದ್ಯ ಹೊರಗಿಟ್ಟಿತು. ತಂಡ ಮಾತ್ರ 2024ರ ಜನವರಿಯಲ್ಲಿ ರಾಷ್ಟ್ರೀಯ ಚಾಂಪಿಯನ್ನೇ ಆಯಿತು! 2025ರ ಆಗಸ್ಟಿನಲ್ಲಿ ವಿಶ್ವವಿದ್ಯಾಲಯಕ್ಕೆ ಕೋಟಿಗಟ್ಟಲೆ ಡಾಲರ್ ದಂಡ ಬಿತ್ತು. ಆ ನೌಕರ ಎಂಟು ವರ್ಷ, ಹಾರ್ಬಾ ಹತ್ತು ವರ್ಷ ಕಾಲೇಜು ಆಟಕ್ಕೆ ಮರಳುವುದು ಕಷ್ಟವಾಗುವಂಥ ಶಿಕ್ಷೆಯೂ ಆಯಿತು.

ಈ ಗಲಾಟೆಗೆ ಪರಿಹಾರ ಬಂದದ್ದು ಗೇಟಿನಿಂದಲ್ಲ. 2024ರಿಂದ ದೊಡ್ಡ ದರ್ಜೆಯ ತಂಡಗಳಲ್ಲಿ ಒಬ್ಬ ಆಟಗಾರನ ಹೆಲ್ಮೆಟ್ಟಿನೊಳಗೆ ತರಬೇತುದಾರ ನೇರವಾಗಿ ಮಾತಾಡಲು ಎನ್‌ಸಿಎಎ ಒಪ್ಪಿತು. ಕಿವಿಗೇ ಹೇಳಿದ ಮೇಲೆ ಕೈಸನ್ನೆ ಕದ್ದು ಏನು ಮಾಡುವುದು?

ಚಿತ್ರ ಯಾರದು?

ಗ್ಯಾಲರಿಯಲ್ಲಿ ಕೂತು ಹೊಡೆದ ಫೋಟೋದ ಹಕ್ಕು ಹೊಡೆದವರದೇ. ಆದರೆ ಟಿಕೆಟ್ ಎಂದರೆ ಒಳಗೆ ಬರಲು ಕೊಟ್ಟ ಅನುಮತಿ, ಅದಕ್ಕೆ ಷರತ್ತುಗಳಿರುತ್ತವೆ: ಚಿತ್ರ ಸ್ವಂತಕ್ಕೆ ಇರಲಿ, ಮಾರಬೇಡಿ, ಆಟವನ್ನು ನೇರಪ್ರಸಾರ ಮಾಡಬೇಡಿ. ಮೀರಿದರೆ ಎಬ್ಬಿಸಿ ಕಳಿಸಬಹುದು. ಆಟಗಾರರ ಮುಖಕ್ಕೂ ಬೆಲೆಯಿದೆ. ಬಹುಕಾಲ ಅವರು ತಮ್ಮ ಹೆಸರು, ಚಿತ್ರ ತೋರಿಸಿ ಒಂದು ಡಾಲರ್ ದುಡಿಯುವಂತಿರಲಿಲ್ಲ. 2021ರ ಜುಲೈ 1ರಿಂದ ಆ ಬಾಗಿಲು ತೆರೆಯಿತು. ಅವರ ಮುಖ ಹಾಕಿ ಟೀ ಶರ್ಟ್ ಮಾರಹೊರಟರೆ ಈಗ ಅವರನ್ನೇ ಕೇಳಬೇಕು.

ಹೊರಡುವ ಮುಂಚೆ

ಮಗನಿಗೋ ಮಗಳಿಗೋ ಹೇಳಿ ಅವರ ಕಾಲೇಜಿನ ನಿಯಮವನ್ನು ಓದಿಸಿಕೊಳ್ಳುವುದು ಮೊದಲ ಕೆಲಸ. ಮನೆಯಲ್ಲೇ ಟೇಪು ಹಿಡಿದು ಲೆನ್ಸಿನ ಮೈ ಅಳೆಯಬೇಕು. ಫ್ಲ್ಯಾಶ್ ಹಾಕಿ ಫಲವಿಲ್ಲ. ಅದರ ಬೆಳಕು ಮುಂದಿನ ಕೆಲವು ಸಾಲಿನ ತಲೆಗಳಾಚೆ ಹೋಗದು. ಒಳಾಂಗಣದ ಜಿಮ್ನಾಸ್ಟಿಕ್ಸಿನಲ್ಲಂತೂ ಹಾರುವ ಹುಡುಗಿಯ ಕಣ್ಣಿಗೆ ಹೊಡೆದರೆ ಅಪಾಯ. ಫೋಟೋದ ಹುಚ್ಚು ಜಾಸ್ತಿಯಿದ್ದವರು ಟೆನಿಸ್ಸು, ಓಟದ ಸ್ಪರ್ಧೆಗಳಂಥ ಚಿಕ್ಕ ಆಟಗಳಿಗೆ ಹೋಗುವುದು ವಾಸಿ. ಅಲ್ಲಿ ಜನ ಕಡಿಮೆ, ಬಿಗಿಯೂ ಸಾಮಾನ್ಯವಾಗಿ ಕಡಿಮೆ.

ಇಷ್ಟಾದರೂ ಗೇಟಿನಲ್ಲಿ ತಡೆದರೆ? ವಾದ ಮಾಡಿ ಉಪಯೋಗವಿಲ್ಲ. ಕಾರು ನಿಲ್ಲಿಸಿದ ಜಾಗ ಮೈಲಿ ದೂರ ಇರಬಹುದು. ಕ್ಯಾಮೆರಾ ಇಟ್ಟು ಬರುವಷ್ಟರಲ್ಲಿ ಕಾಲು ಭಾಗ ಆಟ ಮುಗಿದಿರುತ್ತದೆ. ಅದಕ್ಕೇ ದೊಡ್ಡ ಕ್ಯಾಮೆರಾ ಮಗನ ರೂಮಿನಲ್ಲಿರಲಿ. ಜೇಬಿನ ಫೋನನ್ನು ಅಲ್ಲಿ ಯಾರೂ ಅಳೆಯುವುದಿಲ್ಲ.