ಬೇಗ ಬೆಳೆಯುವ ಹಂದಿಗೆ ಲೈಸೀನು ಹೆಚ್ಚು ಬೇಕು

ಹೈಬ್ರಿಡ್ ಬೀಜ ಬಿತ್ತಿ, ನಾಟಿ ತಳಿಗೆ ಹಾಕುವಷ್ಟೇ ಗೊಬ್ಬರ ಹಾಕಿದರೆ ಇಳುವರಿ ಬರುವುದಿಲ್ಲ. ಇದು ರೈತರಿಗೆಲ್ಲ ಗೊತ್ತಿರುವ ಮಾತು. ಹಂದಿ ಸಾಕಣೆಗೂ ಇದೇ ನಿಯಮ ಅನ್ವಯಿಸುತ್ತದೆ. ಬೆಳವಣಿಗೆಯ ವೇಗ ಹೆಚ್ಚಿದಂತೆ ಆಹಾರದ ಗುಣವೂ ಹೆಚ್ಚಬೇಕು. ಬೆಳವಣಿಗೆಯ ಹಾರ್ಮೋನನ್ನು ಕುರಿತು ಹೊರದೇಶಗಳಲ್ಲಿ ನಡೆದ ಪ್ರಯೋಗಗಳು ಇದನ್ನು ಚೆನ್ನಾಗಿ ತೋರಿಸಿಕೊಟ್ಟಿವೆ.

ಹಾರ್ಮೋನಿನ ಕೆಲಸ

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಈ ಹಾರ್ಮೋನನ್ನು ಸ್ರವಿಸುತ್ತದೆ. ಮೊದಲು ಕಡಿದ ಹಂದಿಗಳ ಗ್ರಂಥಿಯಿಂದಲೇ ಇದನ್ನು ತೆಗೆದು ಪ್ರಯೋಗಕ್ಕೆ ಬಳಸುತ್ತಿದ್ದರು. 1980ರ ದಶಕದಲ್ಲಿ ಜೈವಿಕ ತಂತ್ರಜ್ಞಾನದಿಂದ ಇದನ್ನು ಹೇರಳವಾಗಿ ತಯಾರಿಸುವುದು ಸಾಧ್ಯವಾಯಿತು. ಅಮೆರಿಕ ಮತ್ತು ಆಸ್ಟ್ರೇಲಿಯಗಳಲ್ಲಿ 50 ಕಿಲೋ ದಾಟಿದ ಹಂದಿಗಳಿಗೆ ಇದರ ಸೂಜಿ ಹಾಕಿದಾಗ ಮಾಂಸ ಹೆಚ್ಚಿತು, ಕೊಬ್ಬು ಇಳಿಯಿತು. ಅವು ತಿನ್ನುವ ಆಹಾರವೂ ಸಾಮಾನ್ಯವಾಗಿ ಶೇಕಡಾ 10ರಷ್ಟು ಕಡಿಮೆಯಾಯಿತು.

ಮೇಲುನೋಟಕ್ಕೆ ಇದು ಲಾಭವೇ ಸರಿ. ಆದರೆ ಆಹಾರದಲ್ಲಿ ಸಸಾರಜನಕ ಸಾಲದೇ ಹೋದಾಗ ಸೂಜಿಯ ಪೂರ್ಣ ಫಲ ಸಿಗಲಿಲ್ಲ. ಇದಕ್ಕೆ ಕಾರಣವೇನು?

ಲೆಕ್ಕ ನೋಡಿರಿ

ಸಸಾರಜನಕವೆಂಬುದು ಸುಮಾರು 20 ಬಗೆಯ ಅಮೈನೋ ಆಮ್ಲಗಳಿಂದಾದ ವಸ್ತು. ಇವುಗಳಲ್ಲಿ ಕೆಲವನ್ನು ಹಂದಿಯ ದೇಹ ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ಧಾನ್ಯದ ಆಹಾರದಲ್ಲಿ ಮೊದಲು ಕೊರತೆ ಬೀಳುವುದು ಲೈಸೀನು. ಮನೆ ಕಟ್ಟುವಾಗ ಇಟ್ಟಿಗೆ ರಾಶಿಯಾಗಿ ಬಿದ್ದಿದ್ದರೂ ಗಾರೆ ಮುಗಿದರೆ ಗೋಡೆ ಅಲ್ಲಿಗೇ ನಿಲ್ಲುತ್ತದೆ. ಹಾಗೆಯೇ ಲೈಸೀನು ಮುಗಿದರೆ ಮಾಂಸ ಕಟ್ಟುವ ಕೆಲಸವೂ ನಿಲ್ಲುತ್ತದೆ.

ಒಂದು ಹಂದಿ ದಿನಕ್ಕೆ ಎರಡೂವರೆ ಕಿಲೋ ಆಹಾರ ತಿನ್ನುತ್ತದೆ, ಅದರಲ್ಲಿ ಶೇಕಡಾ 0.77 ಲೈಸೀನಿದೆ ಎಂದಿಟ್ಟುಕೊಳ್ಳಿರಿ. ಅದಕ್ಕೆ ಸಿಗುವುದು ಸುಮಾರು 19 ಗ್ರಾಂ. ಸೂಜಿಯ ನಂತರ ಆಹಾರ ಎರಡೂಕಾಲು ಕಿಲೋಗೆ ಇಳಿದರೆ ಸಿಗುವುದು 17 ಗ್ರಾಂ ಮಾತ್ರ. ಅದೇ ಹೊತ್ತಿಗೆ ಮೈಯಲ್ಲಿ ದಿನಕ್ಕೆ 40 ಗ್ರಾಂ ಸಸಾರಜನಕ ಹೆಚ್ಚಾಗಿ ಕಟ್ಟಬೇಕಾಗಿದೆ ಎನ್ನೋಣ. ಮೈಯ ಸಸಾರಜನಕ 100 ಗ್ರಾಂನಲ್ಲಿ ಸುಮಾರು 7 ಗ್ರಾಂ ಲೈಸೀನಿರುತ್ತದೆ. ತಿಂದದ್ದೆಲ್ಲ ಮೈಗೆ ಹತ್ತದ ಕಾರಣ, ಸುಮಾರು 4 ಗ್ರಾಂ ಹೆಚ್ಚಿಗೆ ಕೊಡಬೇಕಾಗುತ್ತದೆ. ಬೇಕಾದದ್ದು 23 ಗ್ರಾಂ, ಸಿಕ್ಕಿದ್ದು 17! ಇದನ್ನು ತುಂಬಬೇಕಾದರೆ ಆಹಾರದಲ್ಲಿ ಲೈಸೀನು ಶೇಕಡಾ ಒಂದರಷ್ಟಿರಬೇಕು. ಮೆಥಿಯೋನೀನು, ಥ್ರಿಯೋನೀನು, ಟ್ರಿಪ್ಟೊಫಾನುಗಳೂ ಅದಕ್ಕೆ ತಕ್ಕಂತೆ ಏರಬೇಕು.

ಎಳೆಯ ಮರಿಗಳ ಮಾತು ಬೇರೆ. ಅವುಗಳ ಬೆಳವಣಿಗೆಗೆ ಮಿತಿಯಾಗಿರುವುದು ಅವು ತಿನ್ನಬಲ್ಲ ಆಹಾರದ ಪ್ರಮಾಣ. ಆದ್ದರಿಂದ ಅವುಗಳಲ್ಲಿ ಹಾರ್ಮೋನಿನ ಪರಿಣಾಮ ಕಡಿಮೆ.

ನಮಗೆ ಇದರಿಂದ ಪಾಠ

ರೈತ ಬಾಂಧವರು ಈ ಸೂಜಿಯ ಬೆನ್ನು ಹತ್ತಬೇಕಾಗಿಲ್ಲ. ಅಮೆರಿಕದಲ್ಲಿ ಹಸುಗಳ ಹಾರ್ಮೋನಿಗೆ 1993ರಲ್ಲಿ ಅನುಮತಿ ದೊರೆತರೂ ಹಂದಿಗಳದ್ದಕ್ಕೆ ದೊರೆಯಲಿಲ್ಲ. ಮೇಲಾಗಿ ಹಾರ್ಮೋನು ತಾನೇ ಒಂದು ಸಸಾರಜನಕ. ತಿನ್ನಿಸಿದರೆ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಆಹಾರಕ್ಕೆ ಬೆರೆಸುವ ಬೆಳವಣಿಗೆ ಹಾರ್ಮೋನಿನ ಪುಡಿ ಎಂದು ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿರಿ.

ಆದರೆ ಲಾರ್ಜ್ ವೈಟ್ ಯಾರ್ಕ್‌ಷೈರ್, ಲ್ಯಾಂಡ್‌ರೇಸ್ ಮತ್ತು ಅವುಗಳ ಮಿಶ್ರತಳಿಗಳು ಸೂಜಿಯಿಲ್ಲದೆಯೇ ನಾಟಿ ಹಂದಿಗಿಂತ ಬೇಗ ಮಾಂಸ ಕಟ್ಟುತ್ತವೆ. ಅವುಗಳಿಗೂ ಮೇಲಿನ ಲೆಕ್ಕವೇ ಸಲ್ಲುತ್ತದೆ. 50 ಕಿಲೋ ದಾಟಿದ ಹಂದಿಗಳಿಗೆ 100 ಕಿಲೋ ಮಿಶ್ರಣವನ್ನು ಹೀಗೆ ಮಾಡಬಹುದು:

ಮುಸುಕಿನ ಜೋಳದ ನುಚ್ಚು – 65 ಕಿಲೋ
ಸೋಯಾ ಹಿಂಡಿ – 18 ಕಿಲೋ
ಗೋಧಿ ಬೂಸಾ ಅಥವಾ ಅಕ್ಕಿ ತೌಡು – 14 ಕಿಲೋ
ಖನಿಜ ಮಿಶ್ರಣ – 2.5 ಕಿಲೋ
ಉಪ್ಪು – ಅರ್ಧ ಕಿಲೋ

ಇದರಲ್ಲಿ ಸಸಾರಜನಕ ಸುಮಾರು ಶೇಕಡಾ 16, ಲೈಸೀನು ಸುಮಾರು ಶೇಕಡಾ 0.77. ಸೋಯಾ ಬದಲು ಅಷ್ಟೇ ಕಡಲೆಕಾಯಿ ಹಿಂಡಿ ಹಾಕಿದರೆ ಸಸಾರಜನಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಲೈಸೀನು ಮಾತ್ರ ಶೇಕಡಾ 0.5ರ ಆಸುಪಾಸಿಗೆ ಕುಸಿಯುತ್ತದೆ. ಚೀಲದ ಮೇಲೆ ಸಸಾರಜನಕದ ಅಂಕಿಯನ್ನಷ್ಟೇ ನೋಡುವವರು ಮೋಸ ಹೋಗುವುದು ಇಲ್ಲಿಯೇ. ಕಡಲೆಕಾಯಿ ಹಿಂಡಿಯೇ ಅಗ್ಗವಾಗಿ ಸಿಗುವ ಕಡೆ, 100 ಕಿಲೋಗೆ ಸುಮಾರು 300 ಗ್ರಾಂ ಲೈಸೀನಿನ ಪುಡಿ ಬೆರೆಸಿ ಕೊರತೆ ತುಂಬಬಹುದು. ಬೂಷ್ಟು ಹಿಡಿದ ಹಿಂಡಿಯನ್ನು ಎಂದೂ ಹಾಕಬೇಡಿರಿ. ಹಸಿ ಸೋಯಾ ಕಾಳನ್ನೂ ಹಾಗೆಯೇ ತಿನ್ನಿಸಬಾರದು, ಹುರಿದು ಇಲ್ಲವೇ ಬೇಯಿಸಿ ಕೊಡಬೇಕು.

ಹೋಟೆಲಿನ ಉಳಿಕೆ ತಿನ್ನಿಸುವವರು ಅದನ್ನು ಚೆನ್ನಾಗಿ ಕುದಿಸಿ ಆರಿಸಿ ಕೊಡಿರಿ. ಅದು ಬಹುಪಾಲು ಅನ್ನವೇ ಆದ್ದರಿಂದ ಜೊತೆಗೆ ಸೋಯಾ ಹಿಂಡಿ ಸೇರಿಸುವುದು ಅಗತ್ಯ. ಹಂದಿಯ ವಯಸ್ಸು, ತೂಕಕ್ಕೆ ತಕ್ಕ ಪ್ರಮಾಣವನ್ನು ಸಮೀಪದ ಪಶುವೈದ್ಯಾಧಿಕಾರಿಗಳನ್ನು ಕಂಡು ತಿಳಿದುಕೊಳ್ಳಿರಿ.