ಕೂಸು ನೋಡಿಕೊಳ್ಳುವ ಕೈಗೆ ತರಬೇತಿ: ಗುಳೇದಗುಡ್ಡದ ನೇಕಾರಿಕೆ ಗಮನಿಸಬೇಕಾದ ವಿಷಯ

ಗುಳೇದಗುಡ್ಡದ ಖಣ ನಾಡಿನಾಚೆಗೂ ಹೆಸರಾಗಿದೆ. ಆದರೆ ಖಣ ಮಗ್ಗಕ್ಕೇರುವ ಮುನ್ನ ನಡೆಯುವ ಕೆಲಸದ ಬಹುಪಾಲು ಹೆಣ್ಣುಮಕ್ಕಳ ಕೈಯಲ್ಲಿದೆ ಎಂಬುದು ಗಿರಾಕಿಗೆ ತಿಳಿಯುವುದಿಲ್ಲ. ಲಡಿ ಬಿಚ್ಚಿ ನೂಲು ಸುತ್ತುವುದು, ಕಂಡಿಕೆ ತುಂಬುವುದು, ಎಳೆ ಜೋಡಿಸುವುದು ಇವೆಲ್ಲ ಮನೆಯ ಪಡಸಾಲೆಯಲ್ಲಿಯೇ ಸಾಗುತ್ತವೆ. ಪಕ್ಕದಲ್ಲಿ ಜೋಲಿ, ಜೋಲಿಯಲ್ಲಿ ಕೂಸು. ಕೂಸು ಅತ್ತರೆ ರಾಟಿ ನಿಲ್ಲುತ್ತದೆ, ರಾಟಿ ನಿಂತರೆ ಕಂಡಿಕೆಗಾಗಿ ಮಗ್ಗ ಕಾಯುತ್ತದೆ. ನೂಲು ಕೊಟ್ಟು ಮಾಲು ಪಡೆಯುವ ವರ್ತಕರ ಲೆಕ್ಕದಲ್ಲಿ ಈ ನಷ್ಟಕ್ಕೆ ಪ್ರತ್ಯೇಕ ಕಲಮು ಇಲ್ಲ.

ಶಿಶುಪಾಲನೆಯ ಬಗೆಗೆ ಕಾನೂನು ಮಾತನಾಡಿ ಬಹಳ ಕಾಲವಾಯಿತು. 1948ರ ಕಾರ್ಖಾನೆಗಳ ಕಾಯಿದೆಯ 48ನೆಯ ಕಲಮು 50ಕ್ಕಿಂತ ಹೆಚ್ಚು ಸ್ತ್ರೀ ಕಾರ್ಮಿಕರಿರುವಲ್ಲಿ ಶಿಶುವಿಹಾರ ಇರತಕ್ಕದ್ದೆಂದು ವಿಧಿಸಿತ್ತು. 1976ರ ತಿದ್ದುಪಡಿಯಲ್ಲಿ ಈ ಮಿತಿ 30ಕ್ಕೆ ಇಳಿಯಿತು. ಕೊಠಡಿಗೆ ಗಾಳಿ, ಬೆಳಕು, ಶುಚಿತ್ವ ಬೇಕೆಂದುದರ ಜೊತೆಗೆ, ಅದು ಮಕ್ಕಳ ಹಾಗೂ ಹಸುಗೂಸುಗಳ ಆರೈಕೆಯಲ್ಲಿ ತರಬೇತಿ ಪಡೆದ ಸ್ತ್ರೀಯರ ವಶದಲ್ಲಿರಬೇಕೆಂದೂ ಅದೇ ಕಲಮು ಹೇಳಿತ್ತು. ಎಷ್ಟು ದಿನದ ತರಬೇತಿ, ಯಾರಿಂದ, ಯಾವ ಪ್ರಮಾಣಪತ್ರ ಎಂಬುದನ್ನು ಆ ಕಲಮು ಬಿಡಿಸಿ ಹೇಳಲಿಲ್ಲ. ಬಣ್ಣದ ಮನೆಯ ಬಾಯ್ಲರ್ ನಡೆಸುವವನಿಗೆ ಪ್ರಮಾಣಪತ್ರ ಕಡ್ಡಾಯ. ಕೂಸನ್ನು ಎತ್ತಿಕೊಳ್ಳುವ ಕೈಗೆ ಅಂತಹ ಪರವಾನಗಿಯ ಪದ್ಧತಿ ಭಾರತದಲ್ಲಿ ಇಂದಿಗೂ ಬೆಳೆದಿಲ್ಲ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದ್ದು, ಹಳೆಯ ಕಾಯಿದೆಯ ಸ್ಥಾನವನ್ನು ಅವು ತುಂಬಿವೆ. ಸಾಮಾಜಿಕ ಭದ್ರತಾ ಸಂಹಿತೆಯ 67ನೆಯ ಕಲಮಿನಂತೆ 50 ಉದ್ಯೋಗಿಗಳಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರ ಕಡ್ಡಾಯ. ಇಲ್ಲಿ ಸ್ತ್ರೀಯರನ್ನಷ್ಟೇ ಎಣಿಸುವುದಿಲ್ಲ, ಪುರುಷರೂ ಲೆಕ್ಕಕ್ಕೆ ಬರುತ್ತಾರೆ. ತಾಯಿಗೆ ದಿನಕ್ಕೆ ನಾಲ್ಕು ಬಾರಿ ಕೂಸನ್ನು ನೋಡಿಬರಲು ಅವಕಾಶ ಕೊಡಬೇಕು. ವಿಶ್ರಾಂತಿಯ ವೇಳೆಯೂ ಇದರಲ್ಲಿ ಸೇರಿದೆ. ಸಣ್ಣ ಉದ್ಯಮಿಗಳು ವಿಶೇಷವಾಗಿ ಲಕ್ಷ್ಯ ಕೊಡಬೇಕಾದ ಮಾತು ಇದೇ ಕಲಮಿನಲ್ಲಿದೆ: ಹಲವು ಸಂಸ್ಥೆಗಳು ಹಣ ಕೂಡಿಸಿ ಒಂದೇ ಸಾಮಾನ್ಯ ಕೇಂದ್ರ ನಡೆಸಬಹುದು. ಪುರಸಭೆಯ, ಸರ್ಕಾರದ ಅಥವಾ ಸ್ವಯಂಸೇವಾ ಸಂಸ್ಥೆಯ ಕೇಂದ್ರವನ್ನು ಬಳಸಿಕೊಳ್ಳುವುದಕ್ಕೂ ಅಡ್ಡಿಯಿಲ್ಲ.

ಗುಳೇದಗುಡ್ಡದಂತಹ ಊರಿನಲ್ಲಿ ಹತ್ತು ಹನ್ನೆರಡು ಜನರ ಮಗ್ಗದ ಮನೆಗಳಿಗೆ ಕಾನೂನಿನ ಒತ್ತಾಯ ತಟ್ಟದು. ಮನೆಯಲ್ಲಿಯೇ ಕಂಡಿಕೆ ಸುತ್ತುವವಳ ಹೆಸರಂತೂ ಯಾರ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ. ಅಂಗನವಾಡಿ ಇದೆಯಲ್ಲ ಎಂಬ ಮಾತು ಕೇಳಿಬರುವುದು ಸಹಜ. ಆದರೆ ಅಂಗನವಾಡಿಯಲ್ಲಿ ದಿನವೂ ಕುಳಿತು ಕಲಿಯುವುದು 3ರಿಂದ 6 ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಪೌಷ್ಟಿಕ ಆಹಾರ ಮನೆಗೆ ಹೋಗುತ್ತದೆ, ಕೂಸು ತಾಯಿಯ ಬಳಿಯೇ ಉಳಿಯುತ್ತದೆ. ರಾಜ್ಯ ಸರ್ಕಾರವು 2023-24ರ ಆಯವ್ಯಯದಲ್ಲಿ ಘೋಷಿಸಿದ ‘ಕೂಸಿನ ಮನೆ’ಯೂ ಗ್ರಾಮ ಪಂಚಾಯತಿಗಳಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರನ್ನು ಉದ್ದೇಶಿಸಿ ರೂಪುಗೊಂಡದ್ದು. ಪಟ್ಟಣದ ನೇಕಾರ ಓಣಿಗೆ ಅದರ ನೆರಳು ಬೀಳದು.

ಹೀಗಿರುವಾಗ ಐದಾರು ಮಾಲೀಕರು ಕೂಡಿ ಓಣಿಗೊಂದು ಕೇಂದ್ರ ತೆರೆಯುವುದು ಅಸಾಧ್ಯವಾದ ಕೆಲಸವಲ್ಲ. ಇಂತಹ ಪ್ರಯತ್ನದಲ್ಲಿ ಕೊಠಡಿ, ತೊಟ್ಟಿಲು, ಬಣ್ಣದ ಗೋಡೆಗಳಿಗೆ ಮೊದಲು ಹಣ ಹೋಗಿ, ನೋಡಿಕೊಳ್ಳುವವಳ ಮಾತು ಕೊನೆಗೆ ಬರುವ ಅಪಾಯವಿದೆ. ಯಾರಾದರೂ ಒಬ್ಬ ಅಜ್ಜಿ ಸಾಕು ಎಂಬ ಭಾವನೆ ಸಾಮಾನ್ಯ. ಮೊಮ್ಮಕ್ಕಳನ್ನು ಸಾಕಿದ ಅನುಭವ ದೊಡ್ಡದೇ ಸರಿ. ಒಂದೇ ವೇಳೆಗೆ ಹತ್ತು ಕೂಸುಗಳನ್ನು ನೋಡುವುದು ಬೇರೆ ವಿದ್ಯೆ.

ಏನು ಕಲಿತಿರಬೇಕು?

ಕೇಂದ್ರ ಸರ್ಕಾರದ ರಾಷ್ಟ್ರೀಯ ಶಿಶುಪಾಲನಾ ಯೋಜನೆಯು ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಎಂದು ವಿದ್ಯಾರ್ಹತೆ ಇರಿಸಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಿಯುಸಿ ಆದ ಅಂಗನವಾಡಿ ಕಾರ್ಯಕರ್ತೆಯರಿಗೆ ಆರು ತಿಂಗಳ ಪ್ರಮಾಣಪತ್ರ ಶಿಕ್ಷಣವನ್ನೂ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾವನ್ನೂ ಸೂಚಿಸಿತು. ಖಾಸಗಿ ಕೇಂದ್ರಕ್ಕೆ ಇವುಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. 2013ರ ಶಿಶು ಆರೈಕೆ ನೀತಿಯ ಪ್ರಕಾರ 3 ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬರು ಇರಬೇಕು. ಅಂದರೆ 10 ಕೂಸುಗಳು, 20 ದೊಡ್ಡ ಮಕ್ಕಳಿರುವ ಕೇಂದ್ರಕ್ಕೆ ಕನಿಷ್ಠ ಇಬ್ಬರು. ಒಬ್ಬಳು ರಜೆ ಹಾಕಿದ ದಿನಕ್ಕಾಗಿ ತರಬೇತಾದ ಮೂರನೆಯವಳೂ ಗೊತ್ತಿರಬೇಕು.

ವಿದ್ಯಾರ್ಹತೆಗಿಂತ ಹೆಚ್ಚಿನದು ಕೈಗೆ ಬಂದ ಕೌಶಲ. ಈ ಭಾಗದಲ್ಲಿ ಮಕ್ಕಳ ಕೈಗೆ ಹುರಿದ ಶೇಂಗಾ ಕೊಡುವುದು ರೂಢಿ. ಚಿಕ್ಕ ಮಗುವಿನ ಉಸಿರುನಾಳಕ್ಕೆ ಅದು ಸಿಕ್ಕಿಕೊಂಡರೆ ಆಸ್ಪತ್ರೆಗೆ ಓಡುವಷ್ಟು ವೇಳೆ ಇರುವುದಿಲ್ಲ. ವರ್ಷದೊಳಗಿನ ಕೂಸಿಗೆ ಉಸಿರು ಕಟ್ಟಿದಾಗ ಮುಂಗೈ ಮೇಲೆ ತಲೆ ಕೆಳಗಾಗಿ ಮಲಗಿಸಿ ಬೆನ್ನಿಗೆ ಐದು ಪೆಟ್ಟು, ಅದರಿಂದ ಆಗದಿದ್ದರೆ ತಿರುಗಿಸಿ ಎದೆಯ ನಡುವೆ ಐದು ಒತ್ತು ಕೊಡುವ ಕ್ರಮವಿದೆ. ಇದನ್ನು ಓದಿ ಕಲಿಯಲಾಗದು, ಬೊಂಬೆಯ ಮೇಲೆ ಮಾಡಿಯೇ ಕಲಿಯಬೇಕು. ಭೇದಿಯಾದಾಗ ಓಆರ್‌ಎಸ್ ಕಲಸುವ ಪ್ರಮಾಣ, ಆರು ತಿಂಗಳವರೆಗೆ ಎದೆಹಾಲಿನ ಹೊರತು ನೀರನ್ನೂ ಕೊಡದಿರುವುದು, ಕೂಸನ್ನು ಅಂಗಾತ ಮಲಗಿಸುವುದು, ಬಣ್ಣದ ಡಬ್ಬಿ ಹಾಗೂ ಕತ್ತರಿಗಳನ್ನು ಮಕ್ಕಳ ಕೈಗೆಟುಕದಂತೆ ಇಡುವುದು ಎಲ್ಲವೂ ಇದರ ಭಾಗ. 2012ರ ಪೋಕ್ಸೊ ಕಾಯಿದೆಯಂತೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದುದು ತಿಳಿದೂ ವರದಿ ಮಾಡದಿರುವುದು ಅಪರಾಧ. ಕಾರ್ಯಕರ್ತೆಗೂ, ಅವಳನ್ನು ನೇಮಿಸುವ ಮಾಲೀಕರಿಗೂ ಇದು ಗೊತ್ತಿರಬೇಕು.

ಇಷ್ಟೆಲ್ಲವನ್ನು ಕಲಿಸುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಮಹಾವಿದ್ಯಾಲಯದಲ್ಲಿ ಮಾನವ ಅಭಿವೃದ್ಧಿ ಮತ್ತು ಕುಟುಂಬ ಅಧ್ಯಯನ ವಿಭಾಗವಿದೆ. ವಿಷಯತಜ್ಞರಿಗಾಗಿ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ. ಪ್ರಥಮ ಚಿಕಿತ್ಸೆಯನ್ನು ರೆಡ್‌ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಕಲಿಸುತ್ತವೆ. 1969ರಲ್ಲಿ ದಿಲ್ಲಿಯ ಕಟ್ಟಡ ಕಾಮಗಾರಿಯ ಬಯಲಿನಲ್ಲಿ ಕೂಲಿಗಳ ಮಕ್ಕಳಿಗಾಗಿ ಮೀರಾ ಮಹಾದೇವನ್ ಆರಂಭಿಸಿದ ‘ಮೊಬೈಲ್ ಕ್ರೆಷಸ್’ ಶಿಶುಪಾಲಕಿಯರ ತರಬೇತಿಯಲ್ಲಿ ದಶಕಗಳ ಅನುಭವ ಗಳಿಸಿದೆ. ಒಬ್ಬೊಬ್ಬ ಮಾಲೀಕನ ಪತ್ರಕ್ಕಿಂತ ವಾಣಿಜ್ಯ ಸಂಸ್ಥೆಯ ಪತ್ರಕ್ಕೆ ಇಂತಹವರಿಂದ ಉತ್ತರ ಬೇಗ ಬರುತ್ತದೆ ಎಂಬುದು ವ್ಯವಹಾರ ಬಲ್ಲವರಿಗೆ ಹೊಸ ಮಾತಲ್ಲ.

ಒಮ್ಮೆ ಕಲಿತದ್ದು ಶಾಶ್ವತವೂ ಅಲ್ಲ. ಇಂಗ್ಲೆಂಡಿನ ಶಿಶುಕೇಂದ್ರಗಳಲ್ಲಿ ಮಕ್ಕಳು ಇರುವಷ್ಟು ಹೊತ್ತೂ ಮಕ್ಕಳ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರವುಳ್ಳ ಒಬ್ಬರಾದರೂ ಹಾಜರಿರಬೇಕು. ಆ ಪ್ರಮಾಣಪತ್ರವನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಕೂಡಿ ನಡೆಸುವ ಕೇಂದ್ರದ ಕರಾರುಪತ್ರ ಬರೆಯುವಾಗ ಬಾಡಿಗೆ, ಸಂಬಳಗಳ ಜೊತೆ ತರಬೇತಿ ಹಾಗೂ ಅದರ ನವೀಕರಣದ ಖರ್ಚನ್ನು ಯಾರು ಎಷ್ಟು ಭರಿಸಬೇಕೆಂದು ಮೊದಲೇ ನಮೂದಿಸಿಕೊಳ್ಳುವುದು ಒಳಿತು. ತರಬೇತಿಗೆ ಹೋದ ದಿನಗಳ ಸಂಬಳ ಕಡಿಯಬಾರದೆಂಬುದೂ ಅದರಲ್ಲಿಯೇ ಇರಲಿ. ಇಲ್ಲವಾದರೆ ಕಲಿಯಲು ಯಾರೂ ಮುಂದೆ ಬರಲಾರರು.