ಬಿಸಿಲಿಗೂ ಸಬ್ಸಿಡಿ, ಸಗಣಿಗೂ ಸಬ್ಸಿಡಿ

"ಮನೆ ಮೇಲೆ ಸೋಲಾರ್ ಹಾಕಿಸಿದರೆ ಸರ್ಕಾರ ದುಡ್ಡು ಕೊಡ್ತದಂತೆ, ನಿಜವೇನಕ್ಕಾ?"

ಮಹಿಳಾ ಸಂಘಗಳಲ್ಲಿ ಈಗ ಈ ಮಾತು ಬರುತ್ತಿದೆ. ನಿಜ, ಸರ್ಕಾರ ದುಡ್ಡು ಕೊಡುತ್ತದೆ. ಆದರೆ ಯಾರಿಗೆ ಕೊಡುತ್ತದೆ? ಎಷ್ಟು ಕೊಡುತ್ತದೆ? ಯಾವಾಗ ಕೊಡುತ್ತದೆ? ಇದನ್ನು ತಿಳಿಯದೆ ಸಹಿ ಹಾಕಿದರೆ ಸಾಲ ನಮ್ಮ ಹೆಗಲಿಗೆ ಬೀಳುತ್ತದೆ.

ತೆರಿಗೆ ಬಿಡುವುದು, ಸಹಾಯಧನ ಕೊಡುವುದು

ಸರ್ಕಾರ ಎರಡು ರೀತಿ ಸಹಾಯ ಮಾಡುತ್ತದೆ. ಒಂದು, ತೆರಿಗೆಯಲ್ಲಿ ಬಿಡುವುದು. ಇನ್ನೊಂದು, ಕೈಗೆ ಹಣ ಕೊಡುವುದು. ಕೈಗೆ ಕೊಡುವ ಹಣವೇ ಸಬ್ಸಿಡಿ, ಅಂದರೆ ಸಹಾಯಧನ.

ಅಮೆರಿಕ ದೇಶದಲ್ಲಿ ಮನೆಗೆ ಸೋಲಾರ್ ಹಾಕಿಸಿದವರಿಗೆ ಆದಾಯ ತೆರಿಗೆಯಲ್ಲಿ ಬಿಡುತ್ತಿದ್ದರು. ನೂರು ರೂಪಾಯಿ ಖರ್ಚಾದರೆ ಮೂವತ್ತು ರೂಪಾಯಿ ತೆರಿಗೆ ಕಡಿಮೆ ಆದ ಹಾಗೆ. 2025ರ ಕೊನೆಗೆ ಮನೆಗಳಿಗೆ ಅದನ್ನು ನಿಲ್ಲಿಸಿದರು. ನಮ್ಮಲ್ಲಿ ಆದಾಯ ತೆರಿಗೆ ಕಟ್ಟುವ ಗಿರಣಿ, ಕಾರ್ಖಾನೆಯವರಿಗೆ ಸೋಲಾರ್ ಹಾಕಿಸಿದ್ದಕ್ಕೆ ಲೆಕ್ಕದಲ್ಲಿ ಅನುಕೂಲ ಉಂಟು. ಕೂಲಿ ಮಾಡುವವರು, ರಾಗಿ ಬೆಳೆಯುವವರು ಆದಾಯ ತೆರಿಗೆ ಕಟ್ಟುವುದೇ ಇಲ್ಲ. ಕಟ್ಟದ ತೆರಿಗೆಯಲ್ಲಿ ಬಿಡುವುದು ಏನನ್ನು? ಅದಕ್ಕೇ ನಮಗೆ ಸಬ್ಸಿಡಿ.

ಆದರೆ ಒಂದು ತೆರಿಗೆಯನ್ನು ನಾವೂ ಕಟ್ಟುತ್ತೇವೆ. ಅಂಗಡಿಯಲ್ಲಿ ಸಾಮಾನು ಕೊಂಡಾಗ ಬೆಲೆಯ ಜೊತೆ ಸೇರುವ ಜಿ.ಎಸ್.ಟಿ. ಸೋಲಾರ್ ಸಾಮಾನಿನ ಮೇಲೆ ಅದು ನೂರಕ್ಕೆ 12 ಇತ್ತು. 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 5 ಆಗಿದೆ. ನೀರು ಕಾಯಿಸುವ ಸೋಲಾರಿಗೆ 20,000 ರೂಪಾಯಿ ಬೆಲೆ ಎಂದುಕೊಳ್ಳಿ. ಮೊದಲು ತೆರಿಗೆ 2,400 ರೂಪಾಯಿ ಆಗುತ್ತಿತ್ತು. ಈಗ 1,000 ರೂಪಾಯಿ. ಅಂಗಡಿಯವರಿಂದ ರಸೀದಿ ಕೇಳಿ. ತೆರಿಗೆ ಎಷ್ಟು ಹಾಕಿದ್ದಾರೆ ಎಂದು ನೀವೇ ಓದಿ ನೋಡಿ.

ಮೊದಲು ಕರೆಂಟ್ ಬಿಲ್ ಓದಿ

ನಮ್ಮ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಗೆ ಕರೆಂಟ್ ಕೊಡುವುದು ಸೆಸ್ಕ್ ಕಂಪನಿ. ಜನ ಈಗಲೂ ಕೆ.ಇ.ಬಿ. ಅಂತಲೇ ಅನ್ನುತ್ತಾರೆ. ಬಿಲ್ಲಿನಲ್ಲಿ ಮೂರು ವಿಷಯ ನೋಡಿ. ಬಿಲ್ ಯಾರ ಹೆಸರಿನಲ್ಲಿದೆ? ಆರ್.ಆರ್. ನಂಬರ್ ಎಷ್ಟು? ಈ ತಿಂಗಳು ಎಷ್ಟು ಯೂನಿಟ್ ಉರಿದಿದೆ?

2023ರ ಆಗಸ್ಟ್‌ನಿಂದ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ನಡೆಯುತ್ತಿದೆ. ಮನೆಗೆ 200 ಯೂನಿಟ್ ಪುಕ್ಕಟೆ ಎಂದು ಎಲ್ಲರೂ ಹೇಳುತ್ತಾರೆ. ಪೂರ್ತಿ ಹಾಗಲ್ಲ. ಹಿಂದಿನ ಒಂದು ವರ್ಷದಲ್ಲಿ ನಿಮ್ಮ ಮನೆಯಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿದಿತ್ತೋ, ಅದಕ್ಕೆ ಸ್ವಲ್ಪ ಸೇರಿಸಿ ಒಂದು ಮಿತಿ ಹಾಕಿದ್ದಾರೆ. ಆ ಮಿತಿ ದಾಟಿದರೆ ದಾಟಿದಷ್ಟಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಬಿಲ್ ಪೂರ್ತಿ ಕಟ್ಟಬೇಕು.

ಅದಕ್ಕೇ ಕರೆಂಟ್ ಪುಕ್ಕಟೆ ಇದ್ದರೂ ಬಲ್ಬಿನ ಲೆಕ್ಕ ಬೇಕು. 60 ವಾಟ್‌ನ ಹಳೇ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವಾಟ್‌ನ ಎಲ್.ಇ.ಡಿ. ಬಲ್ಬು ಅಷ್ಟೇ ಹೊತ್ತು ಉರಿದರೆ ಒಂದೂವರೆ ಯೂನಿಟ್ ಕೂಡ ಆಗುವುದಿಲ್ಲ. ಬೆಳಕು ಮಾತ್ರ ಹೆಚ್ಚುಕಡಿಮೆ ಒಂದೇ.

ಮನೆ ಮೇಲಿನ ಸೋಲಾರ್

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿ.ಎಂ. ಸೂರ್ಯ ಘರ್ ಎಂಬ ಯೋಜನೆ ತಂದಿತು. ಮನೆ ಮೇಲೆ 1 ಕಿಲೋವಾಟ್ ಸೋಲಾರ್ ಹಾಕಿಸಿದರೆ 30,000 ರೂಪಾಯಿ ಸಬ್ಸಿಡಿ. 2 ಕಿಲೋವಾಟ್‌ಗೆ 60,000. 3 ಅಥವಾ ಅದಕ್ಕಿಂತ ಹೆಚ್ಚಿಗೆ ಹಾಕಿಸಿದರೆ 78,000. ಅದರ ಮೇಲೆ ಇಲ್ಲ. 1 ಕಿಲೋವಾಟ್ ಸೋಲಾರಿಗೆ ಸುಮಾರು 100 ಚದರ ಅಡಿ ಜಾಗ ಬೇಕು. ನೆರಳು ಬೀಳಬಾರದು. ಅದರಿಂದ ತಿಂಗಳಿಗೆ ಸುಮಾರು 100ರಿಂದ 120 ಯೂನಿಟ್ ಕರೆಂಟ್ ಬರುತ್ತದೆ. ಮಳೆಗಾಲದಲ್ಲಿ ಕಡಿಮೆ.

ಮನೆಗೆ ಹೆಚ್ಚಾದ ಕರೆಂಟ್ ಹೊರಗಿನ ತಂತಿಗೆ ಹೋಗುತ್ತದೆ. ಹೋದದ್ದನ್ನೂ ಬಂದದ್ದನ್ನೂ ಒಂದೇ ಮೀಟರ್ ಲೆಕ್ಕ ಇಡುತ್ತದೆ. ಇಂಥ ಸೋಲಾರಿನಲ್ಲಿ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋದಾಗ ಇದೂ ನಿಲ್ಲುತ್ತದೆ. ಮಾರಲು ಬರುವವರು ಇದನ್ನು ಹೇಳುವುದು ಕಡಿಮೆ.

ಇಲ್ಲೊಂದು ಲೆಕ್ಕ ಹಾಕಿ. ತಿಂಗಳಿಗೆ 50 ಯೂನಿಟ್ ಉರಿಸುವ ಮನೆ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಇಂಥ ಮನೆಯವರು ಸಾಲ ಮಾಡಿ ಸೋಲಾರ್ ಹಾಕಿಸಿದರೆ ಉಳಿಯುವುದೇನು? ಏನೂ ಇಲ್ಲ. ಅಂಥವರಿಗೆ ಇದು ಬೇಡ ಎಂದೇ ನಮ್ಮ ಮಾತು. ತಿಂಗಳಿಗೆ 250 ಯೂನಿಟ್ ಉರಿಸಿ 1,500 ರೂಪಾಯಿಗಿಂತ ಹೆಚ್ಚು ಕಟ್ಟುವ ದೊಡ್ಡ ಮನೆಯವರಿಗೆ ಅನುಕೂಲ ಇದೆ. ಅಂಗಡಿ, ಹಿಟ್ಟಿನ ಗಿರಣಿ ಮೀಟರ್‌ಗೆ ಈ ಸಬ್ಸಿಡಿ ಸಿಗುವುದಿಲ್ಲ. ಇದು ವಾಸದ ಮನೆಗೆ ಮಾತ್ರ.

ಮುಖ್ಯವಾದ ಮಾತು ಇನ್ನೊಂದಿದೆ. ಸಬ್ಸಿಡಿ ಮೊದಲೇ ಬರುವುದಿಲ್ಲ. ಸೋಲಾರ್ ಹಾಕಿ, ಮೀಟರ್ ಕೂರಿಸಿ, ತಪಾಸಣೆ ಆದ ಮೇಲೆ ಬ್ಯಾಂಕ್ ಖಾತೆಗೆ ಬರುತ್ತದೆ. ಅಲ್ಲಿಯವರೆಗೆ ದುಡ್ಡು ನಮ್ಮದು ಅಥವಾ ಬ್ಯಾಂಕ್ ಸಾಲದ್ದು. "ಸಬ್ಸಿಡಿ ಬರ್ತದೆ ಕಣವ್ವ, ಈಗ ಇಲ್ಲಿ ಹೆಬ್ಬೆಟ್ಟು ಒತ್ತು" ಎಂದು ಯಾರಾದರೂ ಬಂದರೆ ಕಾಗದವನ್ನು ಕೈಗೆ ತೆಗೆದುಕೊಳ್ಳಿ. ಪೂರ್ತಿ ಓದಿ. ಅವರು ಸರ್ಕಾರದ ಪಟ್ಟಿಯಲ್ಲಿ ಇದ್ದಾರೆಯೇ ಎಂದು ಸೆಸ್ಕ್ ಕಚೇರಿಯಲ್ಲಿ ವಿಚಾರಿಸಿ. ಫೋನಿಗೆ ಬಂದ ಓ.ಟಿ.ಪಿ. ನಂಬರನ್ನು ಯಾರಿಗೂ ಹೇಳಬೇಡಿ.

ಸಗಣಿಯ ಒಲೆ

ನಾಲ್ಕೈದು ದನ ಇರುವ ಮನೆಗೆ ಸೋಲಾರಿಗಿಂತ ಗೋಬರ್ ಗ್ಯಾಸ್ ಹತ್ತಿರ. 2 ಘನ ಮೀಟರ್ ತೊಟ್ಟಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಅಷ್ಟೇ ನೀರು ಬೆರೆಸಿ ಬಿಡಬೇಕು. ತೊಟ್ಟಿಯೊಳಗೆ ಗಾಳಿ ಇರುವುದಿಲ್ಲ. ಅಲ್ಲಿ ಕಣ್ಣಿಗೆ ಕಾಣದ ಜೀವಿಗಳು ಸಗಣಿಯನ್ನು ಕೊಳೆಸಿ ಉರಿಯುವ ಅನಿಲ ಮಾಡುತ್ತವೆ. ನಾಲ್ಕೈದು ಜನರ ಅಡುಗೆ ಆಗುತ್ತದೆ. ಹೊರಗೆ ಬರುವ ಬಗ್ಗಡ ರಾಗಿ ಹೊಲಕ್ಕೆ ಒಳ್ಳೆಯ ಗೊಬ್ಬರ. ಇದಕ್ಕೂ ಸರ್ಕಾರ ಸಬ್ಸಿಡಿ ಕೊಡುತ್ತಾ ಬಂದಿದೆ. ಈ ವರ್ಷ ಎಷ್ಟು ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಆದರೆ ದಿನಾ ಸಗಣಿ ಕಲಸಲು ಆಗದವರು ಕಟ್ಟಿಸಬೇಡಿ. ಸಗಣಿ ಹಾಕದೆ ನಿಂತುಹೋದ ತೊಟ್ಟಿಗಳು ಬೇಕಾದಷ್ಟಿವೆ.

ದನ ಇಲ್ಲದವರಿಗೆ ಅಸ್ತ್ರ ಒಲೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ವಿಜ್ಞಾನ ತರುವುದು ಅದರ ಕೆಲಸ. ಈ ಒಲೆಗೆ ಮೂರು ಬಾಯಿ, ಒಂದು ಹೊಗೆ ಕೊಳವೆ. ಒಂದೇ ಉರಿಯಲ್ಲಿ ಮುದ್ದೆ, ಸಾರು, ನೀರು ಮೂರೂ ಬೇಯುತ್ತವೆ. ಸೌದೆ ಉಳಿಯುತ್ತದೆ. ಹೊಗೆ ಹೊರಗೆ ಹೋಗುತ್ತದೆ. ಕೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು.

ಹೊಗೆಸೊಪ್ಪಿನ ಬ್ಯಾರನ್

ನಮ್ಮ ಸೀಮೆಯಲ್ಲಿ ಸೌದೆ ಹೆಚ್ಚು ಉರಿಯುವುದು ಅಡುಗೆಗಲ್ಲ, ಬ್ಯಾರನ್‌ಗೆ. ಒಂದು ಕಿಲೋ ಸೊಪ್ಪು ಹದ ಮಾಡಲು ಸುಮಾರು ನಾಲ್ಕೈದು ಕಿಲೋ ಸೌದೆ ಬೇಕು. ಕಡ್ಡಿಗೆ ಸೊಪ್ಪು ಕಟ್ಟುವವರು ಹೆಚ್ಚಾಗಿ ಹೆಂಗಸರು. ಬ್ಯಾರನ್ ಬಾಗಿಲ ಸಂದು, ಮಾಡಿನ ಸಂದು ಎಲ್ಲಿ ಬಿಸಿ ಬಿಡುತ್ತದೆ ಎಂದು ಅವರಿಗೇ ಗೊತ್ತು. ಆ ಸಂದು ಮುಚ್ಚಿದರೆ, ಹಸಿ ಸೌದೆ ಬಿಟ್ಟು ಒಣ ಸೌದೆ ಹಾಕಿದರೆ ಖರ್ಚು ಇಳಿಯುತ್ತದೆ. ಇದಕ್ಕೆ ಯಾವ ಸಬ್ಸಿಡಿಯೂ ಬೇಡ. ಬ್ಯಾರನ್ ರಿಪೇರಿಗೆ ಸಹಾಯ ಇದೆಯೇ ಎಂದು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಲ್ಲಿ ಪ್ರತಿ ವರ್ಷ ವಿಚಾರಿಸಿ.

ಕಚೇರಿಗೆ ಹೋಗುವ ಮುಂಚೆ

ಕರೆಂಟ್ ಬಿಲ್, ಆಧಾರ್ ಕಾರ್ಡು, ಬ್ಯಾಂಕ್ ಪಾಸ್ ಪುಸ್ತಕ, ಮನೆ ಕಂದಾಯದ ರಸೀದಿ ತೆಗೆದಿಟ್ಟುಕೊಳ್ಳಿ. ಬಿಲ್ಲಿನ ಹೆಸರೂ ಅರ್ಜಿಯ ಹೆಸರೂ ಒಂದೇ ಇರಬೇಕು. ಎಷ್ಟೋ ಮನೆಗಳಲ್ಲಿ ಬಿಲ್ ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲೇ ಇದೆ. ಹಾಗಿದ್ದರೆ ಮೊದಲು ಸೆಸ್ಕ್ ಕಚೇರಿಯಲ್ಲಿ ಹೆಸರು ಬದಲಾಯಿಸಲು ಅರ್ಜಿ ಕೊಡಿ. ಮನೆ ನಿಮ್ಮ ಹೆಸರಿನಲ್ಲಿದ್ದರೆ ಬಿಲ್ಲಿಗೂ ನಿಮ್ಮ ಹೆಸರನ್ನೇ ಬರೆಸಿ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ.